ನಿಮಗಿದು ಗೊತ್ತೇ? ಐರ್ಲೆಂಡಿನ ಹಳ್ಳಿಗಾಡಿನಲ್ಲಿ ನಿಧಾನದ ರಜೆ

ಜೂನ್ ಕೊನೆಯ ವಾರ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ನಂತರ! ದೇಶ ಇರುವುದು ಸುಮಾರು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಗಲೇ 17 ಗಂಟೆ. ರಾತ್ರಿಯೂಟ ಮುಗಿಸಿಕೊಂಡು ಪಕ್ಕದ ಗುಡ್ಡ ಹತ್ತಿ ಇಳಿದರೂ ಟಾರ್ಚ್ ಬೇಕಾಗುವುದಿಲ್ಲ. ಬೆಳಗ್ಗೆ ಗಡಿಬಿಡಿಯಿಂದ ಎದ್ದು ಹೊರಡುವ ಅಗತ್ಯವೇ ಇಲ್ಲ.

ಇಡೀ ದ್ವೀಪದ ಉದ್ದ 500 ಕಿ.ಮೀ.ಗಿಂತ ಕಡಿಮೆ. ಆದರೆ ಅದರ ಪಶ್ಚಿಮ ಅಂಚಿನಲ್ಲಿ ಸಾಗುವ ‘ವೈಲ್ಡ್ ಅಟ್ಲಾಂಟಿಕ್ ವೇ’ ಎಂಬ ಪ್ರವಾಸಿ ಮಾರ್ಗ ಸುಮಾರು 2,500 ಕಿ.ಮೀ.! ಕಡಲು ನೆಲದೊಳಕ್ಕೆ ಅಷ್ಟೊಂದು ಕಡೆ ನುಗ್ಗಿ ಬಂದಿದೆ. ಇದನ್ನು ಒಂದೇ ವಾರದಲ್ಲಿ ಮುಗಿಸುತ್ತೇವೆಂದು ಹೊರಡುವವರು ಕಾರಿನಲ್ಲೇ ರಜೆ ಕಳೆಯುತ್ತಾರೆ. ನನ್ನ ಮಾತು ಕೇಳುವುದಾದರೆ ಒಂದೇ ಕೌಂಟಿ ಆರಿಸಿಕೊಳ್ಳಿ, ಒಂದೇ ಮನೆಯಲ್ಲಿ ಉಳಿದುಕೊಳ್ಳಿ. ಮೂರನೆಯ ದಿನಕ್ಕೆ ಅಂಗಡಿಯವರಿಗೆ ನಿಮ್ಮ ಗುರುತು ಸಿಕ್ಕಿರುತ್ತದೆ.

ವಾಹನ ಓಡಿಸುವುದು ನಮ್ಮಂತೆಯೇ ಎಡಗಡೆ. ಹಳ್ಳಿಯ ಕಿರುದಾರಿಗಳಲ್ಲಿ ನಡುವೆ ಹುಲ್ಲು ಬೆಳೆದಿರುತ್ತದೆ. ಎದುರಿಗೆ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಹಾಗೆ ಸರಿದವರಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ತಿಳಿಸುವುದು ಅಲ್ಲಿನ ವಾಡಿಕೆ. 2025ರ ಫೆಬ್ರವರಿಯಿಂದ ಇಂಥ ಸ್ಥಳೀಯ ರಸ್ತೆಗಳ ವೇಗಮಿತಿಯನ್ನು ಗಂಟೆಗೆ 80ರಿಂದ 60 ಕಿ.ಮೀ.ಗೆ ಇಳಿಸಿದ್ದಾರೆ.

ಬಂಡೆಯ ಮೇಲೆ ತೋಟ ಬೆಳೆದಿರುವುದನ್ನು ನೋಡಬೇಕೇ? ಕ್ಲೇರ್ ಕೌಂಟಿಯ ಬರೆನ್‌ಗೆ ಹೋಗಿ. ದೂರದಿಂದ ನೋಡಿದರೆ ಬೂದುಬಣ್ಣದ ಬೋಳು ಸುಣ್ಣಕಲ್ಲು, ಅಷ್ಟೆ. 30 ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಪದರುಗಟ್ಟಿದ ಕಲ್ಲು ಅದು. ಮೇ ತಿಂಗಳಲ್ಲಿ ಮಂಡಿಯೂರಿ ಅದರ ಬಿರುಕುಗಳೊಳಗೆ ನೋಡಿ: ಆಲ್ಪ್ಸ್ ಪರ್ವತದ ಕಡುನೀಲಿ ಜೆಂಷಿಯನ್, ಧ್ರುವಪ್ರದೇಶದ ಬಿಳಿ ಮೌಂಟನ್ ಏವನ್ಸ್, ಮೆಡಿಟರೇನಿಯನ್ ಕಡೆಯ ಆರ್ಕಿಡ್, ಎಲ್ಲವೂ ಅಕ್ಕಪಕ್ಕದಲ್ಲಿ ಅರಳಿರುತ್ತವೆ. ಇದರ ಹಿಂದೆ ರೈತರ ಪಾಲೂ ದೊಡ್ಡದು. ಬೇರೆಡೆ ದನಗಳನ್ನು ಬೇಸಿಗೆಯಲ್ಲಿ ಬೆಟ್ಟಕ್ಕೆ ಹೊಡೆದರೆ ಬರೆನ್ ರೈತರು ಚಳಿಗಾಲದಲ್ಲಿ ಹೊಡೆಯುತ್ತಾರೆ! ಬೇಸಿಗೆಯ ಬಿಸಿಲನ್ನು ಕುಡಿದ ಕಲ್ಲು ಚಳಿಯಲ್ಲೂ ಬೆಚ್ಚಗಿರುತ್ತದೆ, ಮಲಗಲು ಒಣನೆಲ ಸಿಗುತ್ತದೆ. ದನಗಳು ಒರಟು ಹುಲ್ಲನ್ನೆಲ್ಲ ಮೇಯ್ದು ಕೆಳಗಿಳಿದ ಮೇಲೆ ವಸಂತದಲ್ಲಿ ಪುಟ್ಟ ಗಿಡಗಳಿಗೆ ಬೆಳಕು ದಕ್ಕುತ್ತದೆ. ಮೇಯಿಸುವುದನ್ನು ನಿಲ್ಲಿಸಿದ ಕಡೆ ಹೇಸಲ್ ಪೊದೆ ನುಗ್ಗಿ ಹೂಗಳು ಮಾಯವಾಗಿವೆ.

ಅದೇ ಬರೆನ್‌ನಲ್ಲಿ ಕೆಲವು ಕೆರೆಗಳು ಬೇಸಿಗೆಗೆ ಕಾಣೆಯಾಗುತ್ತವೆ. ಇವುಗಳಿಗೆ ಟರ್ಲಾಕ್ ಎನ್ನುತ್ತಾರೆ. ಮಳೆ ಹೆಚ್ಚಿದಾಗ ನೆಲದಡಿಯಿಂದ ನೀರು ಉಕ್ಕಿ ಬಂದು ಕೆರೆಯಾಗುತ್ತದೆ. ಅಂತರ್ಜಲ ಇಳಿದಾಗ ನೀರು ಬಂದ ದಾರಿಯಲ್ಲೇ ಹಿಂದಿರುಗಿ ಆ ಜಾಗ ಹುಲ್ಲುಗಾವಲಾಗುತ್ತದೆ.

ಹುಲ್ಲಿನ ಮೇಲೆ ಅಂಜದೆ ಮಲಗಬಹುದು: ಐರ್ಲೆಂಡಿನ ಕಾಡುಮೇಡುಗಳಲ್ಲಿ ಹಾವೇ ಇಲ್ಲ. ಹಿಮಯುಗ ಕಳೆದ ಮೇಲೆ ಹಾವುಗಳು ಬಂದು ಸೇರುವ ಮೊದಲೇ ಸಮುದ್ರ ಏರಿ ದಾರಿ ಮುಚ್ಚಿಹೋಯಿತು. ಜಿಂಕೆ, ಕುರಿ ಓಡಾಡುವ ಕಡೆ ಉಣುಗು ಮಾತ್ರ ಇರುತ್ತದೆ. ತಿರುಗಾಡಿ ಬಂದ ಮೇಲೆ ಕಾಲು ನೋಡಿಕೊಳ್ಳಿ.

ದೇಶದ ಅತಿ ಉದ್ದದ ನದಿ ಶಾನನ್, ಸುಮಾರು 360 ಕಿ.ಮೀ. ಅದರಲ್ಲಿ ಮನೆಯಂಥ ದೋಣಿಯನ್ನು ಬಾಡಿಗೆಗೆ ಪಡೆದು ನೀವೇ ನಡೆಸಬಹುದು, ಪರವಾನಗಿ ಬೇಡ! ಕ್ಯಾರಿಕ್-ಆನ್-ಶಾನನ್‌ನಂಥ ಊರುಗಳಲ್ಲಿ ದೋಣಿಯವರು ಚುಕ್ಕಾಣಿ ಹಿಡಿಯುವುದು, ಹಗ್ಗ ಕಟ್ಟುವುದನ್ನು ಹೇಳಿಕೊಟ್ಟು ಕೀಲಿ ಒಪ್ಪಿಸುತ್ತಾರೆ. ಸೇತುವೆ, ಕಟ್ಟೆಗಳ ಬಳಿ ವೇಗಮಿತಿ ಗಂಟೆಗೆ 5 ಕಿ.ಮೀ., ಅಂದರೆ ನಡಿಗೆಯ ವೇಗ. ದಾರಿಯಲ್ಲಿ ಕ್ಲಾನ್‌ಮ್ಯಾಕ್‌ನಾಯ್ಸ್ ಸಿಗುತ್ತದೆ: 6ನೇ ಶತಮಾನದಲ್ಲಿ ಸಂತ ಕಿಯರಾನ್ ಕಟ್ಟಿದ ಮಠದ ಅವಶೇಷ. ಬಸ್ಸುಗಳೆಲ್ಲ ಹೋದ ಸಂಜೆ ದೋಣಿಯನ್ನು ಅಲ್ಲೇ ಕಟ್ಟಿ ತಂಗುವುದೇ ಆ ಜಾಗವನ್ನು ಕಾಣುವ ಸರಿಯಾದ ಬಗೆ.

1937ರಲ್ಲಿ ನಿಂತುಹೋದ ರೈಲುಹಾದಿಯೊಂದು ಈಗ ಸೈಕಲ್ ದಾರಿ. ಮೇಯೋ ಕೌಂಟಿಯ ವೆಸ್ಟ್‌ಪೋರ್ಟ್‌ನಿಂದ ಆಕಿಲ್ ದ್ವೀಪದ ಕಡೆಗೆ 40 ಕಿ.ಮೀ.ಗೂ ಹೆಚ್ಚು ದೂರ, ಒಂದೂ ಕಾರಿಲ್ಲದೆ! ರೈಲಿಗೆಂದು ಮಾಡಿದ ಹಾದಿಯಾದ್ದರಿಂದ ಕಡಿದಾದ ಏರು ಇಲ್ಲ. ಅಜ್ಜ, ಮೊಮ್ಮಕ್ಕಳು ಒಟ್ಟಿಗೆ ಹೋಗಬಹುದು.

ತಂಗುವ ಮನೆಯ ತಿಂಡಿಯಲ್ಲಿ ಸಿಗುವ ಸೋಡಾ ಬ್ರೆಡ್‌ಗೆ ಯೀಸ್ಟ್ ಹಾಕುವುದಿಲ್ಲ. ಅಲ್ಲಿನ ತಂಪು ಹವೆಯಲ್ಲಿ ಬೆಳೆಯುವ ಮೃದು ಗೋಧಿಯಲ್ಲಿ ಗ್ಲುಟೆನ್ ಕಡಿಮೆ, ಯೀಸ್ಟಿಗೆ ಅದು ಅಷ್ಟಾಗಿ ಒಗ್ಗದು. ಅಡುಗೆ ಸೋಡಾಕ್ಕೆ ಹುಳಿ ಮಜ್ಜಿಗೆ ಬೆರೆತು ಹಿಟ್ಟು ಉಬ್ಬುತ್ತದೆ. ಜೊತೆಗೆ ಕುಡಿಯುವ ಖಡಕ್ ಐರಿಷ್ ಬ್ರೇಕ್‌ಫಸ್ಟ್ ಚಹಾದ ಮಿಶ್ರಣದಲ್ಲಿ ಸಾಂಪ್ರದಾಯಿಕವಾಗಿ ನಮ್ಮ ಅಸ್ಸಾಮಿನ ಎಲೆಯೇ ಮುಂದು.

ಜುಲೈ ಮೊದಲಲ್ಲಿ ಕ್ಲೇರ್‌ನ ಮಿಲ್‌ಟೌನ್ ಮಾಲ್ಬೆ ಊರು ತುಂಬ ಪಿಟೀಲು, ಕೊಳಲು. ಪೈಪ್ ವಾದಕ ವಿಲ್ಲಿ ಕ್ಲ್ಯಾನ್ಸಿ 1973ರಲ್ಲಿ ತೀರಿಕೊಂಡಾಗ ಅವರ ನೆನಪಿಗೆ ಅದೇ ವರ್ಷ ಶುರುವಾದ ಸಂಗೀತದ ಬೇಸಿಗೆ ಶಾಲೆ ಅಲ್ಲಿ ಆಗ ನಡೆಯುತ್ತದೆ. ಹಗಲು ಪಾಠ, ರಾತ್ರಿ ಪಬ್‌ನ ಮೂಲೆಯಲ್ಲಿ ಗುಂಪಾಗಿ ವಾದನ, ವೇದಿಕೆಯಿಲ್ಲ, ಮೈಕಿಲ್ಲ. ಅಪ್ಪ ಅಮ್ಮನ ಜೊತೆ ಮಕ್ಕಳೂ ಪಬ್‌ನಲ್ಲಿ ಕೂರಬಹುದು, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಹತ್ತರ ತನಕ.

ಐರಿಷ್ ಮನೆಮಾತಾಗಿರುವ ಗೇಲ್ಟಾಖ್ಟ್ ಪ್ರದೇಶಗಳಲ್ಲಿ ಊರಿನ ಫಲಕಗಳು ಐರಿಷ್‌ನಲ್ಲಿ ಮಾತ್ರ ಇರುತ್ತವೆ. ಪ್ರತಿ ಬೇಸಿಗೆಯಲ್ಲಿ ದೇಶದ ಶಾಲಾಮಕ್ಕಳು ಅಲ್ಲಿನ ಮನೆಗಳಲ್ಲಿ ವಾರಗಟ್ಟಲೆ ಉಳಿದು ಭಾಷೆ ಕಲಿಯುತ್ತಾರೆ. ತಾಯ್ನುಡಿಯ ಮಾತು ಬಂದಾಗ ನಮ್ಮದೇ ಒಂದು ನಂಟು ನೆನಪಾಗುತ್ತದೆ: ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ 1924ರಲ್ಲಿ ಮೈಸೂರಿನಲ್ಲಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿದ ಜೇಮ್ಸ್ ಕಸಿನ್ಸ್ ಐರಿಷ್ ಕವಿ, ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು. ಅವರ ಋಣ ನಮ್ಮ ಮೇಲೆ ದೊಡ್ಡದಿದೆ.

ಹೊರಡುವ ಮುನ್ನ ಇದಿಷ್ಟು ಗಮನದಲ್ಲಿರಲಿ: ಐರ್ಲೆಂಡ್ ಷೆಂಗೆನ್ ಕೂಟದಲ್ಲಿಲ್ಲ. ಫ್ರಾನ್ಸ್, ಜರ್ಮನಿಗೆ ನಡೆಯುವ ವೀಸಾ ಇಲ್ಲಿ ನಡೆಯದು, ಐರಿಷ್ ವೀಸಾ ಬೇರೆಯೇ ಬೇಕು. ಅದರ ಅಲ್ಪಾವಧಿ ವೀಸಾದಲ್ಲಿ ಗರಿಷ್ಠ 90 ದಿನ ಉಳಿಯಬಹುದು.