ಹರಿವಾಣದ ಅಕ್ಕಿಯಲ್ಲಿ ಮೊದಲ ಅಕ್ಷರ

ವಿಜಯದಶಮಿಯಂದು ಕಾಸರಗೋಡಿನ ಅದೆಷ್ಟೋ ಕುಟುಂಬಗಳು ಎಳೆಯ ಮಕ್ಕಳನ್ನು ಎತ್ತಿಕೊಂಡು ಕೊಲ್ಲೂರಿಗೋ ಊರಿನ ದೇವಸ್ಥಾನಕ್ಕೋ ಹೋಗುತ್ತವೆ. ಹರಿವಾಣದಲ್ಲಿ ಹರಡಿದ ಬೆಳ್ತಿಗೆ ಅಕ್ಕಿಯ ಮೇಲೆ ಹಿರಿಯರು ಮಗುವಿನ ಬೆರಳು ಹಿಡಿದು ಗಣಪತಿಯ ಹೆಸರನ್ನು ಬರೆಸುತ್ತಾರೆ. ಮರುದಿನ ಹರಿವಾಣ ಅಡುಗೆಮನೆಗೆ ಮರಳುತ್ತದೆ, ಮೊಬೈಲು ಮಗುವಿನ ಕೈಗೆ. ವಿದ್ಯಾರಂಭವು ಅಲ್ಲಿಗೇ ಮುಗಿದಂತಾಗುತ್ತದೆ.

ಗಡಿನಾಡಿನವರಾದ ನಮಗೆ ಇದು ಸಣ್ಣ ನಷ್ಟವಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಬಸ್ಸಿನ ಬೋರ್ಡು, ಅಂಗಡಿಯ ಫಲಕಗಳು ಬಹುಮಟ್ಟಿಗೆ ಮಲಯಾಳದವು, ಇಂಗ್ಲಿಷಿನವು. ಮನೆಯೊಳಗಿನ ಮಾತೂ ಹಲವೆಡೆ ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಕನ್ನಡದ ಅಕ್ಷರ ತಾನಾಗಿ ಮಗುವಿನ ಕಣ್ಣಿಗೆ ಬೀಳುವುದು ದೇವಸ್ಥಾನದ ಗೋಡೆಯಲ್ಲಿ, ಭಜನೆಯ ಪುಸ್ತಕದಲ್ಲಿ, ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ. ಒಂದನೆಯ ತರಗತಿಯವರೆಗೆ ಕಾದು ಕುಳಿತರೆ ಕನ್ನಡವೇ ಮಗುವಿಗೆ ಅಪರಿಚಿತವೆನಿಸುತ್ತದೆ. ಆಗ ಮಾಧ್ಯಮ ಬದಲಿಸುವ ಯೋಚನೆ ಹೆತ್ತವರಿಗೆ ಬರಲು ಹೆಚ್ಚು ದಿನ ಬೇಕಾಗದು.

ಹಾಗೆಂದು ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕಬೇಕಾಗಿಲ್ಲ. ಆ ಬೆರಳುಗಳಿಗೆ ಅದರ ಬಲವಿನ್ನೂ ಬಂದಿರುವುದಿಲ್ಲ. ಬಲ ಬರುವುದು ಹಿಸುಕುವುದರಿಂದ, ಹೊಸೆಯುವುದರಿಂದ, ಪೋಣಿಸುವುದರಿಂದ. ಮುಸ್ಸಂಜೆ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುವಾಗ ಒಂದು ಎಸಳು ಹತ್ತಿಯನ್ನು ಮಗುವಿಗೂ ಕೊಡಿ. ಹೆಬ್ಬೆರಳು, ತೋರುಬೆರಳುಗಳ ಅದೇ ಹಿಡಿತ ಮುಂದೆ ಪೆನ್ಸಿಲ್ ಹಿಡಿಯಬೇಕಾದದ್ದು. ಬತ್ತಿ ವಕ್ರವಾದರೆ ಇನ್ನೂ ಒಳ್ಳೆಯದಾಯಿತು. ನೆಲದ ಮೇಲೆ ಅದನ್ನೇ ಬಾಗಿಸಿ ‘ರ’ ಮಾಡಬಹುದು. ಗಣಪತಿಗೆ ಇಪ್ಪತ್ತೊಂದು ಗರಿಕೆ ಆರಿಸುವ ಕೆಲಸ ವಹಿಸಿದರೆ ಎಣಿಕೆಯೂ ಬಂತು, ‘ಗ’ಕಾರವೂ ಬಂತು. ಚೌತಿಯ ಮಣ್ಣು ಉಳಿದಿದ್ದರೆ ಹಾವಿನಂತೆ ಉದ್ದಕ್ಕೆ ಲಟ್ಟಿಸಿ ‘ದ’ ಮಾಡಿ ದೀಪದ ಬಳಿ ಇಡಲಿ.

ಈ ಅಕ್ಷರಗಳನ್ನೇ ಮೊದಲು ಹೇಳಿದ್ದಕ್ಕೆ ಕಾರಣವುಂಟು. ಬಾಯಿಪಾಠಕ್ಕೆ ಅ, ಆ, ಇ, ಈ ಎಂಬ ಕ್ರಮವೇ ಚೆನ್ನ. ಬರೆಯುವ ಕೈಗೆ ಮಾತ್ರ ‘ಈ’, ‘ಋ’ಗಳು ಕಷ್ಟ. ಕರ್ನಾಟಕದ ಒಂದನೆಯ ತರಗತಿಯಲ್ಲಿ ರ, ಗ, ಸ, ದ, ಅ ಎಂಬ ಅನುಕ್ರಮದಲ್ಲಿ ಕಲಿಸುವ ರೂಢಿ ಬೆಳೆದದ್ದು ಇದರಿಂದಲೇ. ಐದೇ ಅಕ್ಷರ ಬಂದರೂ ಸರ, ರಸ, ಅರಸ, ಅಗಸ, ಗರಗಸ ಎಂದು ಓದಬಹುದು. ತಾನು ಪೋಣಿಸಿದ ಹೂವಿನ ಸರವನ್ನು ದೇವರಿಗೆ ಹಾಕಿ, ‘ಸರ’ ಎಂದು ಅಕ್ಕಿಯಲ್ಲಿ ಬೆರಳಾಡಿಸಿದ ಮಗು ಆ ಪದವನ್ನು ಮರೆಯಲಾರದು. ಅಕ್ಕಿಯನ್ನು ಆಟಕ್ಕೆ ಬಳಸಲು ಅಜ್ಜಿಗೆ ಮನಸ್ಸಿಲ್ಲದಿದ್ದರೆ ತೊಳೆದ ಹೊಯಿಗೆ ಸಾಕು; ಹಳೆಯ ಐಗಳ ಮಠಗಳಲ್ಲಿ ಮಕ್ಕಳು ಬರೆಯಲು ಕಲಿತದ್ದು ಹೊಯಿಗೆಯಲ್ಲೇ. ತಪ್ಪಿದರೆ ಅಳಿಸುವ ಗೋಳಿಲ್ಲ, ಹರಿವಾಣ ಅಲ್ಲಾಡಿಸಿದರಾಯಿತು.

ನವರಾತ್ರಿಯ ಪುಸ್ತಕಪೂಜೆಗೆ ದೊಡ್ಡವರ ಗ್ರಂಥಗಳ ಜತೆ ಮಗು ಗೀಚಿದ ಹಾಳೆಯನ್ನೂ ಇಡಿ. ತನ್ನ ಗೀಚು ಪೂಜೆಗೆ ಸಲ್ಲುವಂಥದ್ದು ಎಂಬ ಭಾವನೆಯು ಹತ್ತು ಉಪದೇಶಗಳಿಗಿಂತ ಆಳಕ್ಕೆ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದ ಒಂದು ಅಭ್ಯಾಸ ಹಲವು ಮನೆಗಳಲ್ಲಿದೆ: ‘ಬರೆಯದಿದ್ದರೆ ದೇವರಿಗೆ ಸಿಟ್ಟು ಬರುತ್ತದೆ’ ಎನ್ನುವುದು. ಅದರಿಂದ ಮಗುವಿಗೆ ಅಕ್ಷರದ ಮೇಲೂ ದೇವರ ಮೇಲೂ ಒಟ್ಟಿಗೇ ಭಯ ಹುಟ್ಟುತ್ತದೆ. ದೀಪದ ಮುಂದಿನ ಹೊತ್ತು ಪರೀಕ್ಷೆಯಾಗಕೂಡದು. ಹತ್ತು ನಿಮಿಷವಾದೊಡನೆ ಮಗು ಎದ್ದು ಅಂಗಳಕ್ಕೆ ಓಡಿದರೆ ಓಡಲಿ.

ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವವರೆಲ್ಲರ ದೇವರಕೋಣೆ ಒಂದೇ ಬಗೆಯದಲ್ಲ. ಕೊಂಕಣಿ ಕ್ರೈಸ್ತರ ಮಕ್ಕಳು ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಮುನ್ನ ಒಂಬತ್ತು ದಿನ ಹೂ ಕೊಯ್ಯುತ್ತಾರೆ. ದಿನಕ್ಕೊಂದು ಹೂವಿನ ಹೆಸರು, ಅದರ ಮೊದಲಕ್ಷರ ಎಂದು ಅಲ್ಲಿಯೂ ಆಟ ಹೂಡಬಹುದು. ರಂಜಾನಿನ ಚಂದ್ರನನ್ನು ಕಾಯುವ ಮನೆಯಲ್ಲಿ ‘ಚ’, ‘ಖರ್ಜೂರ’ದ ‘ಖ’ ಸಿಗುತ್ತವೆ.

ಇಷ್ಟು ಬೇಗ ಕನ್ನಡ ತುಂಬಿದರೆ ಮುಂದೆ ಮಲಯಾಳಕ್ಕೆ ತೊಡಕಾದೀತೆ ಎಂಬ ಅಂಜಿಕೆ ಕೆಲವರಿಗಿದೆ. ಎರಡೂ ವರ್ಣಮಾಲೆಗಳು ಸಾಗುವುದು ಒಂದೇ ಜಾಡಿನಲ್ಲಿ: ಸ್ವರಗಳು, ಕವರ್ಗ, ಚವರ್ಗ. ಒಂದರ ಧ್ವನಿಗಳನ್ನು ಬಲ್ಲ ಮಗು ಇನ್ನೊಂದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಆಕಾರಗಳನ್ನು. ಜೂನ್ ತಿಂಗಳ ಪ್ರವೇಶೋತ್ಸವಕ್ಕೆ ಹೋಗುವಾಗ ಮಗುವಿಗೆ ತನ್ನ ಹೆಸರಿನ ಅಕ್ಷರಗಳ ಗುರುತು ಸಿಕ್ಕಿದ್ದರೆ ಸಾಕು. ಕಾಗುಣಿತ, ಒತ್ತಕ್ಷರಗಳನ್ನು ಅಧ್ಯಾಪಕರಿಗೆ ಬಿಡಬಹುದು.