ಮುದಿ ಕಾರಿನ ನಾಡಿಪರೀಕ್ಷೆ

ರೋಗಿಯನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಬಾಯಿಂದ ಪ್ರಶ್ನಿಸಿ ರೋಗವನ್ನು ತಿಳಿಯಬೇಕೆಂಬುದು ಆಯುರ್ವೇದದ ಕ್ರಮ. ಮಿತ್ರರೆ, ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಈ ತ್ರಿವಿಧ ಪರೀಕ್ಷೆಯು ಲಕ್ಷಾಂತರ ಕಿಲೋಮೀಟರು ಓಡಿದ ಕಾರಿಗೂ ಸಲ್ಲುತ್ತದೆ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹೆದ್ದಾರಿಯಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ, ನನ್ನದೂ ಅವುಗಳಲ್ಲೊಂದು. ಕಳೆದ ಮಳೆಗಾಲದಲ್ಲಿ ಅದು ನೀಲಿ ಹೊಗೆ ಉಗುಳತೊಡಗಿತು. ಕುಂದಾಪುರದ ಗ್ಯಾರೇಜೊಂದರಲ್ಲಿ ಬಾನೆಟ್ಟನ್ನೂ ಎತ್ತದೆ “ಇಂಜಿನ್ ಬಿಚ್ಕ್ ಸಾರ್” ಎಂದುಬಿಟ್ಟರು. ಹದಿನೈದು ವರ್ಷ ದಾಟಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. ನನ್ನ ಗಡುವು ಸಮೀಪಿಸಿತ್ತು. ಇಂಜಿನ್ ಬಿಚ್ಚಿಸಿದರೆ ಖರ್ಚು ಕಾರಿನ ಬೆಲೆಗಿಂತ ಮಿಗಿಲು. ಬಿಚ್ಚಿಸದಿದ್ದರೆ ಗುಜರಿಯೇ ಗತಿ.

ಹೊಗೆಯ ಬಣ್ಣ ಮೊದಲ ಸಾಕ್ಷಿ. ಕಪ್ಪು ಹೊಗೆಯೆಂದರೆ ಗಾಳಿಗೆ ಮೀರಿದ ಪೆಟ್ರೋಲು. ಏರ್ ಫಿಲ್ಟರನ್ನೂ ಕಾರ್ಬ್ಯುರೇಟರನ್ನೂ ನೋಡಬೇಕು. ಚಳಿಯ ಬೆಳಗಿನ ಬಿಳಿ ಆವಿ ಸಹಜ. ಇಂಜಿನ್ ಕಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. (ಕೂಲೆಂಟಿನ ಬದಲು ಬರೀ ಬಾವಿನೀರು ಸುರಿದು ರೇಡಿಯೇಟರಿಗೆ ತುಕ್ಕು ಹಿಡಿಸುವುದು ನಮ್ಮವರ ಹಳೆಯ ಚಾಳಿ. ಸಪಾಟು ರಸ್ತೆಯಲ್ಲಿ ಸುಮ್ಮನಿರುವ ಉಷ್ಣಮಾಪಕದ ಮುಳ್ಳು ಕೊಲ್ಲೂರು ಘಾಟಿಯಲ್ಲಿ ಗುಟ್ಟು ರಟ್ಟು ಮಾಡುತ್ತದೆ.)

ನೀಲಿ ಹೊಗೆ ಎಣ್ಣೆ ಉರಿಯುವುದರ ಗುರುತು. ಆದರೆ ಎಲ್ಲ ನೀಲಿಯೂ ಒಂದೇ ಅಲ್ಲ. ಬ್ರಹ್ಮಾವರದ ವೃದ್ಧ ಮೆಕ್ಯಾನಿಕರೊಬ್ಬರು ಮೊದಲು ಕೇಳಿದ್ದು, “ಹೊಗೆ ಯಾವಾಗ ಬತ್ತ್ ಸಾರ್?” ಎಂದು. ಇದೇ ಪ್ರಶ್ನಪರೀಕ್ಷೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಒಮ್ಮೆ ಹೊಗೆ ಕಾರಿ ಸುಮ್ಮನಾದರೆ, ವಾಲ್ವಿನ ಸೀಲು ಸವೆದು ಎಣ್ಣೆ ಜಿನುಗಿದೆ. ಏರಿನಲ್ಲಿ ಆಕ್ಸಿಲರೇಟರ್ ತುಳಿದಷ್ಟೂ ಬರುತ್ತಿದ್ದರೆ ಪಿಸ್ಟನ್ನಿನ ರಿಂಗು ಸವೆದಿರುವ ಸಂಭವ ಹೆಚ್ಚು. ನನ್ನದು ಬೆಳಗಿನ ಹೊಗೆ.

ಅವರು ಅಷ್ಟಕ್ಕೇ ನಂಬಲಿಲ್ಲ. ಮೂರು ಸಿಲಿಂಡರುಗಳ ಪ್ಲಗ್ಗುಗಳನ್ನೂ ಕಳಚಿ, ಒಂದೊಂದಕ್ಕೂ ಒತ್ತಡಮಾಪಕವಿಟ್ಟು ಸ್ಟಾರ್ಟರ್ ತಿರುಗಿಸಿದರು. ಎರಡು ಸಮನಾಗಿದ್ದವು, ಒಂದರಲ್ಲಿ ಮುಳ್ಳು ಕೆಳಗೇ ನಿಂತಿತು. ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದರು. ಸವೆದ ರಿಂಗಾಗಿದ್ದರೆ ಎಣ್ಣೆ ಸಂದನ್ನು ಮುಚ್ಚಿ ಒತ್ತಡ ಏರಬೇಕಿತ್ತು. ಏರಲಿಲ್ಲ. ಟ್ಯಾಪೆಟ್ಟಿನ ಸಂದು ಸರಿಯಿತ್ತು, ನೀರೂ ಇಳಿದಿರಲಿಲ್ಲ. ಹಾಗಾದರೆ ಸೋರುತ್ತಿರುವುದು ವಾಲ್ವೇ ಎಂದು ನಿರ್ಣಯಿಸಿದರು. ಕಡೆಗೆ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಆಲಿಸಿದರು. ಮೇಲಿನ ಟಿಕಟಿಕಕ್ಕೆ ಅವರು ಹೆದರುವವರಲ್ಲ. ಕೆಳಗಿನಿಂದ ಗುದ್ದಿದಂಥ ಮಂದ್ರಧ್ವನಿ ಬಂದರೆ ಬೇರಿಂಗು ಹೋಯಿತೆಂದು ಅರ್ಥ, ಆಗ ಗಾಡಿ ಓಡಿಸಲೇಬಾರದು. ಆ ಸದ್ದು ಇರಲಿಲ್ಲ.

ಹೆಡ್ಡನ್ನು ಮಾತ್ರ ಇಳಿಸಿ, ವಾಲ್ವುಗಳನ್ನು ಉಜ್ಜಿ ಕೂರಿಸಿ, ಸೀಲುಗಳನ್ನು ಬದಲಾಯಿಸಿದ್ದಾಯಿತು. ನೋಂದಣಿಯೂ ನವೀಕರಣಗೊಂಡಿತು. ಈಗ ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆಯ ಮಟ್ಟವನ್ನು ಅಳೆದು ದಿನಚರಿಯಲ್ಲಿ ಬರೆದಿಡುತ್ತಿದ್ದೇನೆ.