ಲಂಡನ್ನಿನ ಹೊಗೆಮಂಜೂ ಅಗ್ಗದ ಇದ್ದಲೂ

ಚಳಿಗಾಲದ ಮುಂಜಾನೆ ನಮ್ಮ ಹಳ್ಳಿಗಳ ಕಡೆ ಹೋದವರು ಒಂದು ನೋಟವನ್ನು ಕಂಡಿರಬಹುದು. ಒಲೆಗಳ ಹೊಗೆ ಮೇಲೇರದೆ, ಮನೆಗಳ ಮಾಡಿನ ಮಟ್ಟದಲ್ಲಿಯೇ ಹಾಸಿದ ದುಪ್ಪಟಿಯಂತೆ ನಿಂತುಬಿಟ್ಟಿರುತ್ತದೆ. ರಾತ್ರಿಯಲ್ಲಿ ನೆಲ ತಣಿಯುತ್ತದೆ. ನೆಲಕ್ಕೆ ತಗುಲಿದ ಗಾಳಿಯೂ ತಣಿದು ಭಾರವಾಗುತ್ತದೆ. ಅದರ ಮೇಲಿನ ಬೆಚ್ಚನೆಯ ಪದರ ಮಡಕೆಯ ಮುಚ್ಚಳದಂತೆ ಕುಳಿತು ಹೊಗೆಯನ್ನು ಮೇಲೇರಗೊಡದು. ಇದಕ್ಕೆ ಉಷ್ಣತಾ ವಿಪರ್ಯಯವೆಂದು ಹೆಸರು. ಬಿಸಿಲೇರಿದಂತೆ ಮುಚ್ಚಳ ಕಳಚುತ್ತದೆ.

1952ರ ಡಿಸೆಂಬರ್ 5ರಂದು ಲಂಡನ್ನಿನ ಮೇಲೆ ಕವಿದ ಇಂಥದೇ ಮುಚ್ಚಳ 9ನೆಯ ತಾರೀಖಿನವರೆಗೆ ಕಳಚಲಿಲ್ಲ. ದೀವಟಿಗೆ ಹಿಡಿದವನೊಬ್ಬನು ಮುಂದೆ ನಡೆಯದೆ ಬಸ್ಸುಗಳು ಚಲಿಸಲಾರದಾದವು. ಪ್ರದರ್ಶನಕ್ಕೆ ಬಂದಿದ್ದ ಕೊಬ್ಬಿದ ದನಗಳು ಉಸಿರುಕಟ್ಟಿ ಸತ್ತವು. ಇದ್ದಲಿನಲ್ಲಿರುವ ಗಂಧಕ ಉರಿದು ಗಂಧಕದ ಡೈಆಕ್ಸೈಡ್ ಆಗಿ, ಮಂಜಿನ ಹನಿಗಳಲ್ಲಿ ಕರಗಿ ಗಂಧಕಾಮ್ಲವಾಗಿತ್ತು. ಜನ ಉಸಿರಾಡಿದುದು ಅದನ್ನೇ. ಸುಮಾರು 4,000 ಮಂದಿ ಸತ್ತರೆಂದು ಮೊದಲಿನ ಅಂದಾಜು. ನಂತರದ ತಿಂಗಳುಗಳಲ್ಲಿಯೂ ಸಾವು ಇಳಿಯಲಿಲ್ಲ. ಸರ್ಕಾರ ಆ ಸಾವುಗಳನ್ನು ಇನ್‌ಫ್ಲುಯೆಂಜಾ ಜ್ವರದ ಲೆಕ್ಕಕ್ಕೆ ಬರೆಯಿತು. ಅವನ್ನೂ ಸೇರಿಸಿದರೆ ಸಂಖ್ಯೆ 12,000ದ ಹತ್ತಿರ ಬರುತ್ತದೆಂದು ಈಚಿನ ಸಂಶೋಧಕರು ಗಣಿಸಿದ್ದಾರೆ.

ವಿಪರ್ಯಯ ಪ್ರಕೃತಿಯ ಕೆಲಸ, ನಿಜ. ಆದರೆ ಮುಚ್ಚಳದ ಕೆಳಗೆ ಅಷ್ಟೊಂದು ಹೊಗೆಯನ್ನು ತುಂಬಿದವರಾರು? ಈ ಹೊಗೆಯ ವಿಷಯವಾಗಿ ಜಾನ್ ಎವೆಲಿನ್ 1661ರಲ್ಲಿಯೇ ಪುಸ್ತಕ ಬರೆದು ದೊರೆಗೆ ಅರ್ಪಿಸಿದ್ದನು. ಸುಮಾರು ಮುನ್ನೂರು ವರ್ಷ ಅದು ನಿಲ್ಲಲಿಲ್ಲವೆಂದಮೇಲೆ, ಕಾರಣವನ್ನು ನಾವು ಹವಾಮಾನದಲ್ಲಿ ಮಾತ್ರವಲ್ಲದೆ ಜನರ ಬಾಳಿನಲ್ಲಿಯೂ ಹುಡುಕಬೇಕಾಗುತ್ತದೆ.

ಇಂಗ್ಲಿಷರಿಗೆ ತೆರೆದ ಅಗ್ಗಿಷ್ಟಿಕೆ ಮನೆಯ ಹೃದಯವಿದ್ದಂತೆ. ಅದರ ಸುತ್ತ ಕುಳಿತರೇ ಅದು ಸಂಸಾರ! ಆದರೆ ಅದು ಕೇವಲ ಒಲವಿನ ಮಾತಲ್ಲ. ಹೊಗೆಯಿಲ್ಲದ ಇಂಧನಕ್ಕೆ ಬೆಲೆ ಹೆಚ್ಚು. ಒಲೆ ಬದಲಿಸುವ ಖರ್ಚು ಬೇರೆ. ಮಹಾಯುದ್ಧದಿಂದ ಸಾಲಗಾರನಾಗಿದ್ದ ಬ್ರಿಟನ್, ವಿದೇಶೀ ಹಣಕ್ಕಾಗಿ ಒಳ್ಳೆಯ ಇದ್ದಲನ್ನು ಹೊರಕ್ಕೆ ಮಾರುತ್ತಿತ್ತು. ಮನೆಗಳಿಗೆ ಇದ್ದಲು ರೇಷನ್ನಿನಲ್ಲಿ ದೊರೆಯುತ್ತಿತ್ತು. ಆ ಚಳಿಗಾಲದಲ್ಲಿ ರೇಷನ್ನಿಲ್ಲದೆ ಕೊಳ್ಳಬಹುದಾಗಿದ್ದುದು ‘ನಟಿ ಸ್ಲ್ಯಾಕ್’ ಎಂಬ, ಪುಡಿಯೂ ಚೂರೂ ಬೆರೆತ ಅಗ್ಗದ ಸರಕು. ಉರಿಗಿಂತ ಹೊಗೆಯೇ ಹೆಚ್ಚು! ಅದೇ ವರ್ಷದ ಜುಲೈಯಲ್ಲಿ ವಿದ್ಯುತ್ ಟ್ರಾಮುಗಳ ಕೊನೆಯ ಓಟ ಮುಗಿದು, ಅವುಗಳ ಜಾಗಕ್ಕೆ ಡೀಸೆಲ್ ಬಸ್ಸುಗಳು ಬಂದಿದ್ದವು. ಹಡಗಿನಲ್ಲಿ ಇದ್ದಲು ತರಲು ಅನುಕೂಲವೆಂದು ಬ್ಯಾಟರ್ಸಿ, ಗ್ರೀನಿಚ್ ಮೊದಲಾದ ವಿದ್ಯುದಾಗಾರಗಳನ್ನು ನಗರದೊಳಗೆ ಥೇಮ್ಸ್ ನದಿಯ ದಂಡೆಯಲ್ಲಿಯೇ ಕಟ್ಟಿದ್ದರು. ಇನ್ನೊಂದು ಸಂಗತಿ: ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಸಿರಿವಂತರು ಪಶ್ಚಿಮದಲ್ಲಿ ಮನೆ ಮಾಡಿದರು. ಹೊಗೆ ಸಾಗುವ ಪೂರ್ವದಿಕ್ಕು ಬಂದರಿನ ಕೂಲಿಗಾರರ ಪಾಲಾಯಿತು.

1956ರಲ್ಲಿ ಶುದ್ಧ ವಾಯು ಶಾಸನ ಬಂದಿತು. ಹೊಗೆ ನಿಷೇಧಿಸಿದ ಪ್ರದೇಶಗಳನ್ನು ಘೋಷಿಸುವ ಅಧಿಕಾರವನ್ನು ಅದು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಬರಿಯ ನಿಷೇಧವಾಗಿದ್ದರೆ ಅದು ಕಾಗದದ ಮೇಲೆಯೇ ಉಳಿಯುತ್ತಿತ್ತೇನೋ. ಅದರ ಜಾಣತನ ಹಣದ ಕಲಮಿನಲ್ಲಿದೆಯೆಂದು ನಮಗೆ ತೋರುತ್ತದೆ: ಒಲೆ ಬದಲಿಸುವ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲು ಮನೆಯವನಿಗೆ ಹಿಂದಕ್ಕೆ ಸಿಗುತ್ತಿತ್ತು.

ಹಾಗಿದ್ದರೂ ಕೆಲಸ ನಿಧಾನವಾಯಿತು. 1962ರ ಡಿಸೆಂಬರಿನಲ್ಲಿ ಹೊಗೆಮಂಜು ಮತ್ತೆ ಕವಿದು ನೂರಾರು ಮಂದಿ ಸತ್ತರು. ಎಲ್ಲಕ್ಕಿಂತ ಹಿಂದೆ ಉಳಿದವು ಗಣಿಗಳ ಊರುಗಳು. ಅಲ್ಲಿ ಗಣಿಯಾಳುಗಳಿಗೆ ಕೂಲಿಯ ಜೊತೆಗೆ ಇದ್ದಲೂ ಬಿಟ್ಟಿಯಾಗಿಯೋ ಅಗ್ಗವಾಗಿಯೋ ದೊರೆಯುತ್ತಿತ್ತು. ಹಿತ್ತಿಲಲ್ಲಿ ಇದ್ದಲಿನ ರಾಶಿ ಬಿದ್ದಿರುವಾಗ, ಹಣ ತೆತ್ತು ಹೊಗೆಯಿಲ್ಲದ ಇಂಧನವನ್ನು ಆತನು ಕೊಳ್ಳುವುದಾದರೂ ಏಕೆ?